ಕರೆದವರಿಗೆ ಓ ಎನ್ನುವವರು

ರಾಯಚೂರಿನ ಕಾಲೇಜಿನಲ್ಲಿ ನನ್ನ ಮಗಳಿಗೆ ಕಂಪ್ಯೂಟರ್ ಕಲಿಸಿದ ಮೇಡಂ ಕುರ್ಡಿ ಊರಿನವರು. ಸಿಟ್ಟು ಬಂದರೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. "ಕರದೋರಿಗೆ ಓ ಅನ್ನೋರು ಯಾರು? ಅದನ್ನ ಮೊದಲ ನೋಡು" ಎನ್ನುವುದು ಅವರ ಮಾತು. ಯಂತ್ರದೊಳಗಿನ ಹಲವು ಪ್ರೊಸೆಸರುಗಳಲ್ಲಿ ಒಂದನ್ನು ನಿಲ್ಲಿಸುವ ಮುಂಚೆ, ಅದಕ್ಕೆ ಬರುವ ಕೀಬೋರ್ಡಿನ, ಡಿಸ್ಕಿನ ಕರೆಗಳನ್ನು ಇನ್ನೊಂದಕ್ಕೆ ತಿರುಗಿಸಬೇಕಂತೆ; ಇಲ್ಲದಿದ್ದರೆ ಎಲ್ಲವೂ ಕಲ್ಲಿನಂತೆ ನಿಂತುಬಿಡುತ್ತದಂತೆ. ಮಗಳು ಬರೆದದ್ದು ಹಾಗೆ ತಿರುಗಿಸುವ ಪ್ರೋಗ್ರಾಮನ್ನೇ.

ಪರೀಕ್ಷೆಯ ದಿನ ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಹೊರಗಿನಿಂದ ಬಂದ ಪರೀಕ್ಷಕ ನಗುತ್ತಿದ್ದ. "ದೇವದುರ್ಗದ ಕಡೆ ಹುಡುಗಿ ಇದನ್ನ ಬರೆದಿದಾಳೆ ಅಂದ್ರೆ ನಂಬಬೇಕಾ ಮೇಡಂ?"

ಮಗಳು ತಲೆ ತಗ್ಗಿಸಿದಳು. ನನ್ನ ಮೈಯೆಲ್ಲ ಉರಿಯಿತು.

ಮೇಡಂ ಗಡಿಯಾರ ಬಿಚ್ಚಿದರು. "ನಂಬಬ್ಯಾಡ್ರಿ, ನೋಡ್ರಿ. ತಂಗಿ, ಕೀಬೋರ್ಡಿನ ಕರೆ ಹೋಗೋ ಪ್ರೊಸೆಸರನ್ನ ಬಂದ್ ಮಾಡು."

ಮಗಳು ಮಾಡಿದಳು. ಮೇಡಂ ಕೀಬೋರ್ಡನ್ನು ಅವನ ಮುಂದೆ ತಳ್ಳಿದರು. "ಈಗ ನಿಮ್ಮ ಹೆಸರು ಬರೀರಿ."

ಹೆಸರು ಒಂದಕ್ಷರವೂ ತಪ್ಪದೆ ತೆರೆಯ ಮೇಲೆ ಮೂಡಿತು.

"ಯಾರು ಹೇಳಿಕೊಟ್ರು?" ಎಂದ.

"ನಾನ. ಅದಕ್ಕ ನನ್ನ ಇಲ್ಲಿ ಇಟ್ಟಾರ."

ಪಾಸು ಎಂದು ಬರೆದ, ತಪ್ಪಾಯಿತು ಎನ್ನಲಿಲ್ಲ. ನಮ್ಮ ಕಡೆಯ ಗೂಗಲ್ ಎಂಬ ಊರಿನ ಗುಡಿಯ ಅಲ್ಲಮಪ್ರಭುವಿಗೆ ಮಗಳ ಹೆಸರಲ್ಲೊಂದು, ಮೇಡಂ ಹೆಸರಲ್ಲೊಂದು ಕಾಯಿ ಒಡೆಸಿದೆ. ಅವನಿಗೂ ಒಳ್ಳೆಯದು ಮಾಡಪ್ಪಾ ಎಂದು ಬೇಡಲು ಮಾತ್ರ ನಾಲಿಗೆ ಇನ್ನೂ ಏಳುತ್ತಿಲ್ಲ.