ಚಂತಾಬುರಿಯಲ್ಲಿ ಎರಡು ದಿನದ ರಜೆ

ಆಗಸ್ಟ್ ತಿಂಗಳ ತೇವಕ್ಕೆ, ಬಹರೈನಿನ ಸೆಗಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲು ಉಬ್ಬಿಕೊಂಡಿತ್ತು. ಮೊನ್ನೆ ಬಡಗಿಯೊಬ್ಬ ಬಂದು ಅದನ್ನು ಕಳಚಿ, ಅಂಚಿಗೆ ಕೀಸುಳಿ ಹಾಕಿದ. ಕೀಸಿದ ಮರದ ವಾಸನೆ ಮನೆ ತುಂಬಿತು. ನಾನು ಕುರ್ಚಿಯಿಂದ ಎದ್ದೆ, ಕೂತೆ, ಮತ್ತೆ ಎದ್ದೆ. ಏನಾಯಿತೆಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಏನೆಂದು ಹೇಳಲಿ... ಆಚಾರ್ರ ನೆನಪಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮನಾಮಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಅವರು ಅಲ್ಲಿಯ ಬಡಗಿ. ಅದಕ್ಕೆ ಮೊದಲು ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದರಂತೆ. ಕಾರ್ಕಳದ ಕಡೆಯವರು, ನನ್ನ ಅಪ್ಪನ ವಯಸ್ಸು. ಊರಿನ ರೂಢಿಯಂತೆ ನಾವೆಲ್ಲ ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದೆವು. ಅದೇ ರೂಢಿಯಂತೆ ಕ್ರಿಶ್ಚಿಯನ್ ಹೆಂಗಸಾದ ನಾನು ಅವರಿಗೆ ಬಾಯಮ್ಮ.

ನಮ್ಮ ಡಾಕ್ಟರೊಬ್ಬರು ಎರಡು ತಿಂಗಳ ಮಟ್ಟಿಗೆ ಥಾಯ್ಲೆಂಡಿನ ಗಡಿಗೆ, ಕಾಂಬೋಡಿಯಾದಿಂದ ಓಡಿಬಂದವರ ಶಿಬಿರಕ್ಕೆ, ಸೇವೆಗೆ ಹೊರಟಿದ್ದರು. ಜೊತೆಗೆ ಬರುವವರು ಇದ್ದಾರೆಯೇ ಎಂದು ಕೇಳಿದಾಗ ಮೂವರು ನರ್ಸುಗಳು ಒಪ್ಪಿದೆವು. ನಾಲ್ಕನೆಯವರು ಆಚಾರ್ರು. ಎರಡು ವರ್ಷಕ್ಕೊಮ್ಮೆ ಸಿಗುವ ಊರಿನ ರಜೆಯನ್ನೇ ಇದಕ್ಕೆ ಕೊಟ್ಟರು.

"ಊರು ಎಲ್ಲಿಗೂ ಓಡಿಹೋಗುದಿಲ್ಲ ಬಾಯಮ್ಮ," ಎಂದಿದ್ದರು. "ಅಲ್ಲಿ ಕಾಲು ಹೋದವರು ಕಾಯ್ತಾ ಕೂತಿದ್ದಾರಂತೆ."

ಗಡಿಯ ಕಾಡಿನಲ್ಲಿ ನೆಲಬಾಂಬು ತುಳಿದು ಕಾಲು ಕಳೆದುಕೊಂಡವರು ಶಿಬಿರದಲ್ಲಿ ಸಾಲುಸಾಲಾಗಿ ಇದ್ದರು. ಅವರಿಗೆ ಮರದ ಕಾಲು ಮಾಡಿ, ಚರ್ಮದ ಪಟ್ಟಿ ಕಟ್ಟಿ ನಿಲ್ಲಿಸುವುದು ಆಚಾರ್ರ ಕೆಲಸ. ಒಬ್ಬಳು ಹೆಂಗಸು, ಇಬ್ಬರು ಸಣ್ಣ ಮಕ್ಕಳ ತಾಯಿ. ಅವಳಿಗೆ ಮಾಡಿಕೊಟ್ಟ ಕಾಲು ಎರಡು ಸಲವೂ ಉಜ್ಜಿ ಹುಣ್ಣಾಯಿತು. ಗಾಯ ತೊಳೆದು ಕಟ್ಟುತ್ತಿದ್ದವಳು ನಾನು. ಆಚಾರ್ರು ಮೂರನೆಯದನ್ನು ಶುರು ಮಾಡಿದ್ದರು.

ಐದನೆಯ ವಾರ ಒಂದು ಬೆಳಿಗ್ಗೆ, ಇಂಜೆಕ್ಷನ್ ಕೊಡುತ್ತಿದ್ದ ಹಾಗೆಯೇ ನನಗೆ ಅಳು ಬಂತು, ನಿಲ್ಲಲಿಲ್ಲ. ಶನಿವಾರ, ಭಾನುವಾರ ಚಂತಾಬುರಿ ಪೇಟೆಗೆ ಹೋಗಿ ಸುಮ್ಮನೆ ಮಲಗಿ ಬಾ ಎಂದರು ಡಾಕ್ಟರು. ಆಚಾರ್ರಿಗೂ ವಿಶ್ರಾಂತಿ ಬೇಕು, ಬಾಯಮ್ಮನನ್ನು ನೋಡಿಕೊಳ್ಳಲಿಕ್ಕೂ ಒಬ್ಬರು ಬೇಕು ಎಂದು ಅವರನ್ನೂ ಕಳಿಸಿದರು. ಆಚಾರ್ರು ಅರೆಬರೆಯಾಗಿದ್ದ ಕಾಲನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು.

ಚಂತಾಬುರಿ ಚೆಂದದ ಊರು. ನದಿ, ದಂಡೆಯುದ್ದಕ್ಕೂ ಮರದ ಮನೆಗಳು, ಆಚೆ ದಡದಲ್ಲಿ ಇಗರ್ಜಿ, ಸಂತೆಯಲ್ಲಿ ಹಲಸಿನ ರಾಶಿ. ಕಾನ್ವೆಂಟಿನ ಸಿಸ್ಟರುಗಳ ಅತಿಥಿಗೃಹದಲ್ಲಿ ನಮಗೆ ಎರಡು ಕೋಣೆ ಸಿಕ್ಕಿತು. ಬಿಳಿ ಹಾಸಿಗೆ ನೋಡಿಯೇ ನನ್ನ ಅರ್ಧ ದಣಿವು ಇಳಿಯಿತು. ಆಚಾರ್ರು ಮಾತ್ರ ಕೂರಲೊಲ್ಲರು. ಜಗಲಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ...

"ಸ್ವಲ್ಪ ಕೂತ್ಕೊಳ್ಳಿ ಆಚಾರ್ರೆ, ರಜೆ ಅಲ್ವಾ?"

"ನಮ್ಮ ಬಹರೈನಿನ ವಾರದ ರಜೆ ಶುಕ್ರವಾರವೇ ಮುಗೀತು ಬಾಯಮ್ಮ. ಇದು ಎಂತ ಲೆಕ್ಕದ ರಜೆ?" ಎಂದವರೇ ಚೀಲ ಹಿಡಿದು ಹೊರಟರು.

ಊಟದ ಹೊತ್ತಿಗೂ ಬರಲಿಲ್ಲ. ಬೈಯಬೇಕೆಂದೇ ಹುಡುಕಿಕೊಂಡು ಹೋದೆ. ಇಗರ್ಜಿಯ ಹಿಂದೆ ಮುದುಕ ಬಡಗಿಯೊಬ್ಬನ ಕೊಟ್ಟಿಗೆಯಲ್ಲಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುದುಕ ಮರದ ಕಾಲಿನಲ್ಲಿ ಮೊಂಡುಗಾಲು ಕೂರುವ ಕುಳಿಗೆ ಹೆಬ್ಬೆರಳು ಒತ್ತಿ ನೋಡಿದ, ತಲೆ ಅಲ್ಲಾಡಿಸಿದ, ಒಳಗಿನಿಂದ ಹಗುರವಾದ ಮರದ ತುಂಡೊಂದನ್ನು ತಂದ. ಇಬ್ಬರೂ ಎದುರುಬದುರು ಕೂತು ಹೊಸದನ್ನೇ ಕೆತ್ತತೊಡಗಿದರು. ನಾನು ಬೈಯಲಿಲ್ಲ. ಕೀಸಿದ ಸಿಪ್ಪೆಯ ರಾಶಿಯ ಪಕ್ಕ ಕೂತವಳಿಗೆ ಹಾಗೆಯೇ ನಿದ್ದೆ ಹತ್ತಿತು. ಆ ಐದು ವಾರಗಳಲ್ಲಿ ಕನಸು ಬೀಳದೆ ನಿದ್ದೆ ಮಾಡಿದ್ದು ಅದೊಂದೇ ಸಲ. ಎದ್ದಾಗ ಸಂಜೆಯಾಗಿತ್ತು, ಕಾಲು ತಯಾರಾಗಿತ್ತು.

ಭಾನುವಾರ ಬೆಳಿಗ್ಗೆ ಆಚಾರ್ರು ಬಾಗಿಲು ತಟ್ಟಿದರು. "ಬಾಯಮ್ಮ, ಶಿಬಿರಕ್ಕೆ ಅಕ್ಕಿಯ ಲಾರಿ ಹೋಗ್ತಾ ಉಂಟು. ಹೋಗುವನಾ?"

ನನಗೆ ಇನ್ನೊಂದು ದಿನ ಬೇಕಿತ್ತು. ಆ ಹಾಸಿಗೆ ಬೇಕಿತ್ತು. ಯಾರೂ ನರಳದ ಒಂದೇ ಒಂದು ಹಗಲು... "ನನಗೆ ಜ್ವರ ಉಂಟು ಆಚಾರ್ರೆ," ಎಂದುಬಿಟ್ಟೆ. ಜ್ವರ ಇರಲಿಲ್ಲ.

ಹಣೆ ಮುಟ್ಟಲೆಂದು ಕೈ ಚಾಚಿದವರು ಸಂಕೋಚದಿಂದ ಹಿಂದೆಗೆದರು. "ಹಾಗಾದ್ರೆ ಬೇಡ. ನಿಮ್ಮನ್ನು ಒಬ್ರನ್ನೇ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ." ಸಿಸ್ಟರುಗಳ ಅಡುಗೆಮನೆಗೆ ಹೋಗಿ ಕಾಳುಮೆಣಸು, ಶುಂಠಿ ಕೇಳಿ ಕಷಾಯ ಮಾಡಿ ತಂದರು. ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಹಗಲಿಡೀ ಜಗಲಿಯಲ್ಲಿ ಅವರ ಹೆಜ್ಜೆ ಸಪ್ಪಳ. ನಾನು ಎಣಿಸುತ್ತಾ ಮಲಗಿದ್ದೆ, ನಿದ್ದೆ ಬರಲಿಲ್ಲ.

ಸೋಮವಾರ ಮಧ್ಯಾಹ್ನ ಶಿಬಿರ ಸೇರಿದಾಗ ಆ ಹೆಂಗಸಿನ ಚಾಪೆ ಖಾಲಿಯಿತ್ತು. ಹಿಂದಿನ ಸಂಜೆ ಬಸ್ಸುಗಳು ಬಂದು ಆ ಸಾಲಿನ ಕುಟುಂಬಗಳನ್ನೆಲ್ಲ ಬೇರೆ ಶಿಬಿರಕ್ಕೆ ಒಯ್ದಿದ್ದವು. ಯಾವ ಶಿಬಿರವೆಂದು ನಮಗೆ ಹೇಳುವವರಿರಲಿಲ್ಲ. ಆಚಾರ್ರು ಕಾಲನ್ನು ಕಂಕುಳಲ್ಲಿಟ್ಟುಕೊಂಡು ಗೇಟಿಗೆ ಹೋದರು, ಆಫೀಸಿಗೆ ಹೋದರು, ಕಂಡವರನ್ನೆಲ್ಲ ಸನ್ನೆಯಲ್ಲಿ ಕೇಳಿದರು. ಕೊನೆಗೆ ಬಂದು ನನ್ನ ಪಕ್ಕ ಕೂತರು.

"ನಿಮ್ಮ ಜ್ವರ ಬಿಟ್ಟಿತಾ ಬಾಯಮ್ಮ?"

ತಲೆಯಾಡಿಸಿದೆ.

ಆ ಕಾಲು ಬೇರೆ ಯಾರಿಗೂ ಹೊಂದಲಿಲ್ಲ. ಅದರ ಕುಳಿ ಅವಳೊಬ್ಬಳ ಅಳತೆಯದು.

ಬಹರೈನಿಗೆ ಮರಳಿದ ಮೇಲೆ ನಿಜ ಹೇಳಿಬಿಡಬೇಕೆಂದು ಅವರ ಕೆಲಸದ ಕೋಣೆಗೆ ಮೂರು ಸಲ ಹೋದೆ. ಎರಡು ಸಲ ಯಾರೋ ಇದ್ದರು. ಮೂರನೆಯ ಸಲ ಒಬ್ಬರೇ ಇದ್ದರು; ವಾರ್ಡಿನ ಸ್ಟೂಲು ಅಲ್ಲಾಡುತ್ತದೆ ಎಂದು ಹೇಳಿ ಬಂದೆ. ಮರುವರ್ಷ ಅವರು ವೀಸಾ ರದ್ದು ಮಾಡಿಸಿ ಊರಿಗೆ ಹೋದರು.

ಕೆಲವು ವರ್ಷಗಳ ನಂತರ ರಜೆಯಲ್ಲಿ ಹೋದಾಗ ಕೇಳಿಕೊಂಡು ಅವರ ಮನೆ ತಲುಪಿದೆ. ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಮಗಳು ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ನನ್ನ ಮುಖವನ್ನೇ ನೋಡಿದಳು.

"ಆ ಬಾಯಮ್ಮ ನೀವೇ ಅಲ್ವಾ? ಅಷ್ಟು ಜ್ವರ ಇದ್ರೂ ಮರುದಿನವೇ ಕೆಲಸಕ್ಕೆ ನಿಂತ್ರಂತೆ. ಅಪ್ಪ ಬಂದವರಿಗೆಲ್ಲ ಹೇಳ್ತಿದ್ರು."

"ಹೌದು," ಎಂದೆ.

ಮೊನ್ನೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ, ಜ್ವರದ ಸುಳ್ಳನ್ನೂ ಬಿಡದೆ. ಅವಳು ನನ್ನ ಕೈ ಹಿಡಿದು, ಪರವಾಗಿಲ್ಲ ಎಂದಳು. ಹಾಗೆ ಹೇಳುವ ಹಕ್ಕು ಇದ್ದವರು ಇಬ್ಬರೇ. ಒಬ್ಬರು ತೀರಿಹೋದರು. ಇನ್ನೊಬ್ಬಳ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ.