ಹಲ್ಲಲ್ಲಿ ಕಚ್ಚಿದ ಸೆರಗು

ಎಪ್ಪತ್ತರ ದಶಕದಲ್ಲಿ ನವಲಗುಂದದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ಗಂಭೀರ ರೋಗಿಗಳಿಗೆಂದು ಬೇರೆ ಇಟ್ಟ ನಾಲ್ಕು ಮಂಚಗಳ ಕೋಣೆಯಲ್ಲಿ ಹೊಸ ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದೆ. ತಾಸಿಗೊಮ್ಮೆ ನಾಡಿ ನೋಡಬೇಕು, ನೋವು ಹೇಗಿದೆ ಎಂದು ಕೇಳಬೇಕು, ರೋಗಿ ಹೇಳಿದ್ದನ್ನೇ ಬರೆಯಬೇಕು. ನಿಮ್ಮ ಜಾಣತನ ಬೆರೆಸಬೇಡಿ ಎಂದು ಗದರುತ್ತಿದ್ದೆ. ಆ ನಿಯಮದ ಬಗ್ಗೆ ನನಗಿದ್ದ ಹೆಮ್ಮೆ ನೆನೆದರೆ ಈಗ ಮೈ ಉರಿಯುತ್ತದೆ.

ಹತ್ತಿ ಬಿಡಿಸುವ ದಿನಗಳು. ಹೊಟ್ಟೆನೋವಿನ ಸೊಸೆಯೊಬ್ಬಳನ್ನು, ಅವಳ ಗಂಡ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿದ್ದನೆಂದು, ಮಾವನೇ ತಿರ್ಲಾಪುರದಿಂದ ಬೆಳಿಗ್ಗೆ ಎತ್ತಿನ ಚಕ್ಕಡಿಯಲ್ಲಿ ಕರೆತಂದಿದ್ದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನೋವು ಹೆಚ್ಚಾದರೆ ತಕ್ಷಣ ತಿಳಿಸಬೇಕು, ಆಪರೇಷನ್‌ಗೆ ಹುಬ್ಬಳ್ಳಿಗೆ ಕಳಿಸಬೇಕಾಗುತ್ತದೆ ಎಂದು ನನಗೆ ಹೇಳಿ ಹೊರರೋಗಿಗಳ ಕಡೆ ಹೋದರು.

ಮಾವ ಅವಳ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತ. ಚಹಾಕ್ಕೂ ಏಳಲಿಲ್ಲ. ಅವಳು ತಲೆತುಂಬ ಸೆರಗು ಹೊದ್ದು ಅದರ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಹಿರಿಯರ ಎದುರು ಸೊಸೆಯಂದಿರು ಹಾಗೆ ಮಾಡುವುದನ್ನು ದಿನವೂ ಕಂಡವಳು ನಾನು. ಎರಡನೇ ಸಲ ನೋಡಲಿಲ್ಲ.

ಶಲವಡಿಯ ಹೊಸ ಹುಡುಗಿ ನೋವು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: ಏನಿಲ್ಲ, ಆರಾಮ ಇದ್ದೇನೆ. ಚಾರ್ಟಿನಲ್ಲಿ ಅದೇ ಮಾತು ಇಳಿಯುತ್ತ ಹೋಯಿತು. ಅದರ ಬಾಜುವಿನಲ್ಲಿ ನಾಡಿಯ ಅಂಕಿ ಏರುತ್ತಿತ್ತು. ಮೂರನೇ ಸಲ ಹುಡುಗಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಸಿಸ್ಟರ್, ಆಕಿ ಭಾಳ ಬೆವರಾಕತ್ತಾಳ್ರಿ. ಕಾಲಬೆರಳು ಮಡಚಿಕೊಂಡಾಳ. ಮಾವನ್ನ ಒಂದೀಟು ಹೊರಗ ಕಳಸೂಣೇನ್ರಿ?"

"ಹಿರೇರನ್ನ ಎಬ್ಬಿಸಿ ಕಳಸೂದು ಚಂದ ಕಾಣಂಗಿಲ್ಲ. ಆಕಿ ಹೇಳಿದ್ದು ಬರಿ."

ಹುಡುಗಿ ಬರೆದಳು. ಕೆಳಗೆ ನಾನು ಸಹಿ ಹಾಕಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಸೆರಗು ಅವಳ ಬಾಯಿಂದ ಜಾರಿತು. ತಲೆ ಬರಿದಾದರೂ ಎಳೆದುಕೊಳ್ಳಲು ಕೈ ಏಳಲಿಲ್ಲ. ಮಾವ ಮುಜುಗರದಿಂದ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಓಡಿ ಹೋಗಿ ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಕೈಕಾಲು ತಣ್ಣಗಾಗಿದ್ದವು. ಸೆರಗಿನ ಅಂಚು ಹಲ್ಲಿಗೆ ಸಿಕ್ಕಿ ಚಿಂದಿಯಾಗಿತ್ತು. ಡಾಕ್ಟರು ಬಂದು ಚಾರ್ಟು ಓದಿದರು. ನನ್ನ ಸಹಿಯ ಮೇಲೆ ಕಣ್ಣು ನಿಲ್ಲಿಸಿದರು, ಜೀಪು ತರಲು ಕೂಗಿದರು. ಜೀಪು ಹೊರಟಿತು. ಅವಳು ಹುಬ್ಬಳ್ಳಿ ಮುಟ್ಟಲಿಲ್ಲ.

ಕೆಲವು ದಿನಗಳ ನಂತರ ಅವಳ ತಂಬಿಗೆ, ಚೀಲ ಒಯ್ಯಲು ಮಾವ ಬಂದ. ಬಚ್ಚಿಡುವುದು ನನ್ನಿಂದಾಗಲಿಲ್ಲ. ಅವನ ಎದುರು ಅವಳು ನೋವನ್ನು ಯಾಕೆ ಹೇಳಲಿಲ್ಲ, ಹುಡುಗಿ ಏನು ಕೇಳಿದ್ದಳು, ನಾನು ಏನಂದೆ, ಎಲ್ಲ ಹೇಳಿದೆ. ಅವನು ಆ ಸ್ಟೂಲಿನ ಕಡೆ ನೋಡಿದ.

"ಹೊರಗ ಹೋಗ್ರಿ ಅಂತ ಒಂದ ಮಾತು ಅಂದಿದ್ರ ಹೋಗ್ತಿದ್ನಲ್ರಿ, ನರ್ಸಬಾಯಾರ. ಒಬ್ಬಾಕಿನ ಇದ್ರ ಅಂಜತಾಳಂತ ಕುಂತಿದ್ನಿರಿ."