ಕಲೆಕ್ಟರ್ ಸಾಹೇಬರ ಬರಿಗಾಲು

"ನನ್ನ ಬೂಟಿನ ಸದ್ದಿಗೇ ಈ ಊರು ನಡುಗಬೇಕು!" ಎಂದು ಬ್ರಿಟಿಷ್ ಕಲೆಕ್ಟರನ ವೇಷದಲ್ಲಿ ಅಬ್ಬರಿಸಿ, ರಂಗಸ್ಥಳದ ಮೇಲೆ ಕಾಲು ಬಡಿದೆ. ಸದ್ದೇ ಬರಲಿಲ್ಲ. ಕೆಳಗೆ ನೋಡಿದರೆ ಬರಿಗಾಲು! ರಂಗಕ್ಕೆ ಹತ್ತುವ ಮೊದಲು ನೆಲ ಮುಟ್ಟಿ ನಮಸ್ಕರಿಸುವಾಗ, ಹುಟ್ಟಿನಿಂದ ಬಂದ ಅಭ್ಯಾಸದಂತೆ ಬೂಟನ್ನು ಮೆಟ್ಟಿಲ ಬಳಿಯೇ ಬಿಚ್ಚಿಟ್ಟಿದ್ದೆ.

ಅದು ಗುರುವಾಯನಕೆರೆಯಲ್ಲಿ ನಾವು ಶಾಲೆಯ ಹಳೆ ವಿದ್ಯಾರ್ಥಿಗಳು ಆಡಿದ ನಾಟಕ. ಬೂಟು ಸಿಕ್ಕಿದ್ದು ನಿವೃತ್ತ ಪೊಲೀಸ್ ಮಾವನ ಅಟ್ಟದಲ್ಲಿ, ಬೂಷ್ಟು ಹಿಡಿದು, ಬಾಯಿ ಬಿಟ್ಟುಕೊಂಡು. ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಬಾಬಣ್ಣ ಎಂಟು ದಿನ ಕೂತು ಅಟ್ಟೆ ಹೊಲಿದು, ಮುಖ ಕಾಣುವಷ್ಟು ಪಾಲಿಶ್ ಮಾಡಿಕೊಟ್ಟಿದ್ದರು. ಮುಂದಿನ ಸಾಲಿನಲ್ಲೇ ಕೂತಿದ್ದ ಅವರು ಈಗ ಎದ್ದು ಬಂದರು. ತಮ್ಮ ಚಪ್ಪಲಿಯನ್ನು ಕೆಳಗೆ ಬಿಟ್ಟು, ನನ್ನ ಬೂಟನ್ನು ಎತ್ತಿ ತಂದು ರಂಗದ ನಡುವೆ ಇಟ್ಟರು.

"ನಾನು ಬಂದದ್ದು ಇದನ್ನು ನೋಡ್ಲಿಕ್ಕೆ ಮಾರಾಯ್ರೆ, ನಿಮ್ಮನ್ನಲ್ಲ."

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಊರು ನಡುಗಿಸಬೇಕಾದ ಕಲೆಕ್ಟರ್ ಎಲ್ಲರೆದುರು ನೆಲದಲ್ಲಿ ಕೂತು ಲೇಸು ಕಟ್ಟಿಕೊಂಡ.

ಈಗಲೂ ಪೇಟೆಯಲ್ಲಿ ಎದುರಾದರೆ ಬಾಬಣ್ಣ ನಗುತ್ತಾರೆ. ಆದರೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಕಾಲನ್ನು.